ನಮ್ಮ ಸೀಮೆಯ ಬೀಜ, ಲೀಡ್ಸಿನ ದೀಪ: ಒಂದು ಚರ್ಮವ್ಯಾಧಿಯ ಚರಿತ್ರೆ

ಕಳೆದ ವರ್ಷ ರಾಜ್ಯೋತ್ಸವದ ದಿನ ಲೀಡ್ಸಿನ ಒಂದು ಶಾಲೆಯ ಹಾಲ್‌ನಲ್ಲಿ ನಾನು ಬಿಸಿಬೇಳೆ ಭಾತ್ ಬಡಿಸುತ್ತ ನಿಂತಿದ್ದೆ. ಹಂಡೆಯ ಹಬೆಗೆ ಸೆಕೆಯಾಗಿ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡಿದ್ದೆ. ಊರಿನಿಂದ ಹೊಸದಾಗಿ ಬಂದಿದ್ದ ಹುಡುಗನೊಬ್ಬ ತಟ್ಟೆ ಚಾಚಿದವನು ನನ್ನ ಮೊಣಕೈ ನೋಡಿದ. ತಟ್ಟೆ ಅರ್ಧ ಗೇಣು ಹಿಂದೆ ಸರಿಯಿತು. "ಪರವಾಗಿಲ್ಲ ಅಂಕಲ್, ನಾನೇ ಹಾಕ್ಕೋತೀನಿ" ಎಂದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಕೋಪವಿಲ್ಲ. ಕೋಪ ಮಾಡಿಕೊಳ್ಳುವ ಹಕ್ಕು ನನಗೆ ಯಾಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ಮೊದಲು ನೆನಪಾದದ್ದು ಆ ಹಿಂದೆ ಸರಿದ ತಟ್ಟೆಯೇ.

ನನಗಿರುವುದು ಸೋರಿಯಾಸಿಸ್. ಅಂಟುರೋಗವಲ್ಲ. ಈ ದೇಶದಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಇದೆ, ಎಂದರೆ ಆ ಹಾಲ್‌ನಲ್ಲೇ ಇನ್ನೂ ಕೆಲವರು ಉದ್ದ ತೋಳಿನ ಒಳಗೆ ಅದನ್ನು ಮುಚ್ಚಿಕೊಂಡು ಕುಳಿತಿದ್ದಿರಬೇಕು. ನಾನು ವೈದ್ಯನಲ್ಲ. 1978ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಣ್ಣಗಳ ರಸಾಯನಶಾಸ್ತ್ರ ಓದಲು ಬಂದು, ಆಮೇಲೆ ಇಲ್ಲಿನ ಉಣ್ಣೆ ಗಿರಣಿಗಳ ಬಣ್ಣದ ಮನೆಗಳಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಹಾಗಾಗಿ ಈ ಲೇಖನದಲ್ಲಿ ವೈದ್ಯಕ್ಕಿಂತ ಬಣ್ಣದ ವಾಸನೆ ಸ್ವಲ್ಪ ಹೆಚ್ಚಿದ್ದರೆ ಓದುಗರು ಮನ್ನಿಸಬೇಕು.

ಮೊದಲು ಚರ್ಮದ ವಿಷಯ. ನಮ್ಮ ದೇಹದ ಅಂಗಗಳಲ್ಲಿ ಅತ್ಯಂತ ವಿಸ್ತಾರವಾದದ್ದು ಇದೇ. ದೊಡ್ಡವರ ಚರ್ಮವನ್ನು ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಒಳಗೆ ಕೊಬ್ಬಿನ ಹಾಸು. ಅದರ ಮೇಲೆ ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬೇರು ಎಲ್ಲ ಇರುವ ಒಳಚರ್ಮ. ಎಲ್ಲಕ್ಕಿಂತ ಮೇಲೆ ತೆಳುವಾದ ಹೊರಚರ್ಮ. ಈ ಹೊರಚರ್ಮದ ತಳದಲ್ಲಿ ಜೀವಕೋಶಗಳು ಹುಟ್ಟಿ, ಮೆಲ್ಲಗೆ ಮೇಲಕ್ಕೆ ಬಂದು, ದಾರಿಯಲ್ಲಿ ಒಣಗಿ ಗಟ್ಟಿಯಾಗಿ, ಕೊನೆಗೆ ನಮ್ಮ ಕಣ್ಣಿಗೆ ಕಾಣದ ಹಾಗೆ ಉದುರಿ ಹೋಗುತ್ತವೆ. ಈ ಪ್ರಯಾಣಕ್ಕೆ ಸುಮಾರು ನಾಲ್ಕು ವಾರ ಬೇಕು. ಹಾವು ಒಂದೇ ಸಲಕ್ಕೆ ಪೊರೆ ಬಿಡುತ್ತದೆ, ನಾವು ದಿನಾ ಚೂರುಚೂರೇ ಬಿಡುತ್ತೇವೆ. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ಪಡೆಯೇ ತಪ್ಪು ತಿಳಿದು ಗಾಯವಾಗಿದೆ ಎಂಬಂತೆ ಅವಸರ ಮಾಡುತ್ತದೆ. ನಾಲ್ಕು ವಾರದ ದಾರಿಯನ್ನು ಜೀವಕೋಶಗಳು ನಾಲ್ಕೈದು ದಿನದಲ್ಲಿ ಮುಗಿಸುತ್ತವೆ. ಉದುರಲು ಪುರಸೊತ್ತಿಲ್ಲದೆ ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಯಂಥ ಹೊಟ್ಟಾಗುತ್ತವೆ. ಮೊಣಕೈ, ಮೊಣಕಾಲು, ತಲೆಯ ಚರ್ಮ, ಸೊಂಟದ ಹಿಂಭಾಗ ಅದರ ಮೆಚ್ಚಿನ ತಾವುಗಳು. ಕೆಲವರಿಗೆ ಉಗುರಿಗೂ ಕೀಲುಗಳಿಗೂ ಇಳಿಯುತ್ತದೆ. ಕೀಲುನೋವು ಬಂದರೆ ವಯಸ್ಸಾಯಿತು ಎಂದು ಸುಮ್ಮನಿರದೆ ವೈದ್ಯರಿಗೆ ಹೇಳಬೇಕು.

ಪುಸ್ತಕಗಳಲ್ಲಿ ಈ ರೋಗದ ಕಲೆ ಕೆಂಪು ಎಂದಿರುತ್ತದೆ. ಅದು ಬಿಳಿಯ ಚರ್ಮದ ಮಾತು. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಕರಿಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಒಂದೇ, ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮಾತ್ರ ಬೇರೆ. ನಮ್ಮ ಎಣ್ಣೆಗೆಂಪು, ಕಪ್ಪು ಮೈಗಳಲ್ಲಿ ಆ ಕೆಂಪು ನೇರಳೆಯಾಗಿಯೋ ಗಾಢ ಕಂದಾಗಿಯೋ ಕಾಣುತ್ತದೆ. 1986ರಲ್ಲಿ ನನಗೆ ಮೊದಲ ಕಲೆ ಕಾಣಿಸಿಕೊಂಡಾಗ ನೋಡಿದ ವೈದ್ಯರು ಹುಳುಕಡ್ಡಿ ಎಂದು ತಿಳಿದು ಎಂಟು ತಿಂಗಳು ಅದರ ಮುಲಾಮು ಕೊಟ್ಟರು. ಕಪ್ಪು, ಕಂದು ಚರ್ಮದ ಮೇಲೆ ರೋಗಗಳು ಹೇಗೆ ಕಾಣುತ್ತವೆ ಎಂದು ತೋರಿಸುವ 'ಮೈಂಡ್ ದಿ ಗ್ಯಾಪ್' ಎಂಬ ಕೈಪಿಡಿಯನ್ನು ಲಂಡನ್ನಿನಲ್ಲಿ ಮಲೋನ್ ಮುಕ್ವೆಂಡೆ ಎಂಬ ವೈದ್ಯ ವಿದ್ಯಾರ್ಥಿ ತನ್ನ ಅಧ್ಯಾಪಕರ ಜೊತೆ ಸೇರಿ ಹೊರತಂದದ್ದು 2020ರಲ್ಲಿ.

ಹುಳುಕಡ್ಡಿ ಎಂಬ ಆ ತಪ್ಪು ಗುರುತಿಗೆ ಒಂದು ದೊಡ್ಡ ಪರಂಪರೆಯೇ ಇದೆ ಎಂದು ಆಮೇಲೆ ತಿಳಿಯಿತು. ಅದಕ್ಕೂ ಮೊದಲು ಅದಕ್ಕಿಂತ ದೊಡ್ಡ ತಪ್ಪೊಂದನ್ನು ಹೇಳಬೇಕು.

ನನ್ನ ಸೋದರತ್ತೆಗೆ ಮೈಮೇಲೆ ಇಂಥದೇ ಕಲೆಗಳಿದ್ದವು. ಅಂಕೋಲೆಯ ಹತ್ತಿರ ನಮ್ಮ ಮನೆ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆಯವರು ಅವಳನ್ನು ವಾಪಸು ತಂದು ಬಿಟ್ಟರು. ಕಾರಣವನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಹೇಳುವಾಗ ಒಂದೇ ಶಬ್ದ, ಕುಷ್ಠ. ಕೆಲವರು ಸರ್ಪದೋಷ ಎಂದರು. ಅಜ್ಜ ಅವಳನ್ನು ಕುಕ್ಕೆ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ಮೃತ್ತಿಕಾ ಪ್ರಸಾದ ತಂದ. ಅವಳ ತಟ್ಟೆ, ಚೊಂಬು, ಚಾಪೆ ಬೇರೆ. ಮಲಗುವುದು ಹಿತ್ತಿಲ ಕಡೆಯ ಜಗುಲಿಯಲ್ಲಿ. ಮದುವೆ ಮುಂಜಿಗಳಿದ್ದಾಗ ಕೊಟ್ಟಿಗೆಯ ಕೆಲಸ ಅವಳಿಗೆ ತಾನಾಗಿ ಹೆಚ್ಚಾಗುತ್ತಿತ್ತು. ಒಂದು ಚೌತಿಯ ಹಬ್ಬದಲ್ಲಿ ಅವಳು ನನಗೆ ಒಂದು ಚಕ್ಕುಲಿ ಕೊಟ್ಟಳು. ನನಗಾಗ ಒಂಬತ್ತು ವರ್ಷ. ಅದನ್ನು ತೆಗೆದುಕೊಂಡು ಬಾಳೆಯ ಬುಡಕ್ಕೆ ಎಸೆದೆ. ಅವಳು ಬಾವಿಕಟ್ಟೆಯಿಂದ ನೋಡುತ್ತಿದ್ದಳು. ಬೈಯಲಿಲ್ಲ. ಆಮೇಲೆ ಅವಳು ನನಗೆ ಏನನ್ನೂ ಕೈಯಿಂದ ಕೊಟ್ಟದ್ದಿಲ್ಲ, ಎಲೆಯ ಮೇಲೆ ಇಟ್ಟು ದೂರ ಸರಿಯುತ್ತಿದ್ದಳು. 1983ರಲ್ಲಿ ತೀರಿಕೊಂಡಳು. ಮೂರು ವರ್ಷದ ನಂತರ ಲೀಡ್ಸಿನ ಬಾಡಿಗೆ ಮನೆಯ ಕನ್ನಡಿಯಲ್ಲಿ ನನ್ನ ಮೊಣಕೈ ನೋಡಿಕೊಂಡಾಗ ಆ ಕಲೆಗಳನ್ನು ಮೊದಲು ಎಲ್ಲಿ ನೋಡಿದ್ದೆ ಎಂದು ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಈ ರೋಗ ಹಲವು ಮನೆತನಗಳಲ್ಲಿ ರಕ್ತದಲ್ಲಿ ಹರಿದು ಬರುತ್ತದೆ.

ಕುಷ್ಠ ಎಂಬ ಶಬ್ದದ ಕಥೆ ವಿಚಿತ್ರವಾದದ್ದು. ಇಂದು ನಾವು ಕುಷ್ಠ ಎಂದರೆ 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದ ರೋಗಾಣುವಿನಿಂದ ಬರುವ, ನರಗಳನ್ನು ಮರಗಟ್ಟಿಸುವ ರೋಗ. ಈಗ ಅದೂ ಮಾತ್ರೆಗಳಿಂದ ಪೂರ್ತಿ ಗುಣವಾಗುತ್ತದೆ. ಆದರೆ ಆಯುರ್ವೇದದಲ್ಲಿ ಕುಷ್ಠ ಎಂದರೆ ಹೆಚ್ಚುಕಡಿಮೆ ಎಲ್ಲ ಚರ್ಮರೋಗಗಳ ಮನೆಹೆಸರು. ಚರಕಸಂಹಿತೆ ಹದಿನೆಂಟು ಕುಷ್ಠಗಳನ್ನು ಎಣಿಸುತ್ತದೆ, ಏಳು ದೊಡ್ಡವು, ಹನ್ನೊಂದು ಸಣ್ಣವು. ಹುಳುಕಡ್ಡಿಯಂಥ ದದ್ರುವೂ ಅದರಲ್ಲಿದೆ. ಸಣ್ಣವುಗಳಲ್ಲಿ ಏಕಕುಷ್ಠ ಎಂಬುದು ಬೆವರಿಲ್ಲದ್ದು, ಅಗಲವಾಗಿ ಹರಡುವಂಥದು, ಮೀನಿನ ಹುರುಪೆಯ ಹಾಗಿರುವಂಥದು. ಇಂದಿನ ಅನೇಕ ವೈದ್ಯರು ಸೋರಿಯಾಸಿಸ್ಸನ್ನು ಇದರ ಜೊತೆ ಹೊಂದಿಸುತ್ತಾರೆ. ಚರಕನಿಗೆ ವ್ಯತ್ಯಾಸ ಗೊತ್ತಿತ್ತು. ಅವನ ಶಬ್ದವನ್ನು ಮಾತ್ರ ಇಟ್ಟುಕೊಂಡು ವ್ಯತ್ಯಾಸವನ್ನು ಬಿಟ್ಟವರು ನಾವು. ಸಾಲದ್ದಕ್ಕೆ ಕೃಷ್ಣನ ಮಗ ಸಾಂಬನಿಗೆ ಶಾಪದಿಂದ ಕುಷ್ಠ ಬಂತೆಂಬ ಪುರಾಣದ ಕಥೆ ಬೇರೆ. ರೋಗದ ಜೊತೆ ಪಾಪವೂ ಸೇರಿಕೊಂಡಿತು. ತೊನ್ನಿನ ಪಾಡೂ ಇದೇ. ಅದು ಬಣ್ಣ ಹೋಗುವ ತೊಂದರೆ ಮಾತ್ರ, ಆದರೂ ಬಿಳಿ ಕುಷ್ಠ ಎಂಬ ಹೆಸರು ಹೊತ್ತು ಎಷ್ಟೋ ಹೆಣ್ಣುಮಕ್ಕಳ ಮದುವೆ ತಪ್ಪಿಸಿತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿ 2019ರವರೆಗೂ ಇತ್ತು. ನನ್ನ ಅತ್ತೆಯ ವಿಷಯದಲ್ಲಿ ಕೋರ್ಟಿನವರೆಗೆ ಹೋಗುವ ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ.

ಇಂಗ್ಲಿಷರು ಇದರಲ್ಲಿ ನಮಗಿಂತ ಮುಂದಿದ್ದರು ಎಂದುಕೊಳ್ಳಬೇಡಿ. ಡೇಲ್ಸ್ ಕಡೆ ಪ್ರವಾಸ ಹೋದವರಿಗೆ ಸೆಡ್‌ಬರ್ಗ್ ಊರು ಗೊತ್ತಿರುತ್ತದೆ. ಆಗ ಯಾರ್ಕ್‌ಷೈರ್‌ಗೆ ಸೇರಿದ್ದ ಆ ಊರಿನ ಹತ್ತಿರ 1757ರಲ್ಲಿ ಹುಟ್ಟಿದ ರಾಬರ್ಟ್ ವಿಲನ್ ಲಂಡನ್ನಿನಲ್ಲಿ ಬಡವರ ಔಷಧಾಲಯವೊಂದರ ವೈದ್ಯನಾಗಿದ್ದ. ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಲಕ್ಷಣದ ಮೇಲೆ, ಗುಳ್ಳೆ, ಹೊಟ್ಟು, ಕಲೆ ಎಂದು ವಿಂಗಡಿಸಿ, ಬಣ್ಣದ ಚಿತ್ರಗಳ ಸಮೇತ 1798ರಿಂದ ಕಂತುಗಳಲ್ಲಿ ಪ್ರಕಟಿಸಿದ. ಇಂದಿನ ಚರ್ಮವೈದ್ಯಕ್ಕೆ ಅದೇ ಅಡಿಪಾಯ. ಅಂಥವನೂ ದುಂಡಗಿನ ಹೊಟ್ಟಿನ ಕಲೆಗಳಿಗೆ ಇಟ್ಟ ಹೆಸರು 'ಲೆಪ್ರಾ'. ಹಳೆಯ ಗ್ರೀಕರಲ್ಲಿ ಆ ಶಬ್ದಕ್ಕೆ ಹೊಟ್ಟೇಳುವ ಚರ್ಮ ಎಂಬಷ್ಟೇ ಅರ್ಥವಿತ್ತು. ಆದರೆ ಯುರೋಪಿನ ಸಾಮಾನ್ಯ ಜನ ಅದನ್ನು ಕೇಳಿದರೆ ಊರ ಹೊರಗೆ ಗಂಟೆ ಬಾರಿಸುತ್ತ ನಡೆಯುವ ಕುಷ್ಠರೋಗಿಯನ್ನೇ ಕಾಣುತ್ತಿದ್ದರು. ಕೊನೆಗೆ 1841ರಲ್ಲಿ ವಿಯೆನ್ನಾದ ಫರ್ಡಿನಂಡ್ ಹೆಬ್ರಾ ಎರಡನ್ನೂ ಬೇರ್ಪಡಿಸಿ ಇದಕ್ಕೆ ಸೋರಿಯಾಸಿಸ್ ಎಂಬ ಒಂದೇ ಹೆಸರು ಗಟ್ಟಿ ಮಾಡಿದ. ಗ್ರೀಕಿನಲ್ಲಿ 'ಸೋರಾ' ಎಂದರೆ ಕಜ್ಜಿ. ಈ ಶಬ್ದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮತ್ತೆ ಬರುತ್ತದೆ.

ಈಗ ಹುಳುಕಡ್ಡಿಗೆ ಬರೋಣ. ನಮ್ಮ ಕಡೆ ಗಜಕರ್ಣಕ್ಕೆ ತಗಚೆಯ ಬೀಜ ಅರೆದು ಹಚ್ಚುತ್ತಿದ್ದರು. ಮಳೆಗಾಲದಲ್ಲಿ ಅದರ ಎಳೆ ಸೊಪ್ಪಿನ ದೋಸೆ ತಿಂದವರು ಇಲ್ಲಿಯೂ ಇದ್ದೀರಿ. ಸಂಸ್ಕೃತದಲ್ಲಿ ಆ ಗಿಡಕ್ಕೆ ದದ್ರುಘ್ನ, ದದ್ರುವನ್ನು ಕೊಲ್ಲುವುದು ಎಂದೇ ಹೆಸರು. ಕಾರವಾರದ ಆಚೆ ಗೋವೆಯಲ್ಲಿ ಪೋರ್ಚುಗೀಸರ ಕೈಯಲ್ಲಿ ಇದೇ ರೋಗಕ್ಕೆ ಇನ್ನೊಂದು ಮದ್ದಿತ್ತು, ಹಳದಿ ಬಣ್ಣದ, ಗಾಳಿಗೆ ಇಟ್ಟರೆ ಕಂದಾಗುವ ಒಂದು ಪುಡಿ. ಮುಂಬಯಿಯ ಅಂಗಡಿಗಳಿಗೂ ಅದು ಹೋಗುತ್ತಿತ್ತು. ಎಲ್ಲರೂ ಗೋವಾ ಪುಡಿ ಎನ್ನುತ್ತಿದ್ದರು. 1874ರಲ್ಲಿ, ಕಲ್ಕತ್ತೆಯಲ್ಲಿ ಬಹುಕಾಲ ವೈದ್ಯನಾಗಿದ್ದ ಜೋಸೆಫ್ ಫೇರರ್ ಲಂಡನ್ನಿನ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. ಅದನ್ನು ಓದಿದ ಬ್ರೆಜಿಲ್‌ನ ವೈದ್ಯ ಸಿಲ್ವಾ ಲಿಮಾ, ಇದು ನಮ್ಮ ಬಾಹಿಯಾದ ಅರರೋಬಾ ಮರದ ಪುಡಿಯಲ್ಲವೇ ಎಂದ. ಅವನೇ ಸರಿ. ಮರದ ಕಾಂಡದ ಬಿರುಕುಗಳಿಂದ ಕೆರೆದು ತೆಗೆದ ಪುಡಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದು, ಗೋವೆಯ ಹೆಸರಿನಿಂದ ಲೋಕ ಸುತ್ತುತ್ತಿತ್ತು. ನಮ್ಮ ಗೇರು, ಪಪಾಯಿ ಬಂದ ದಾರಿಯೇ ಅದು.

1876ರ ಸುಮಾರಿಗೆ ಲಂಡನ್ನಿನ ಚರ್ಮವೈದ್ಯ ಬಾಲ್ಮಾನೋ ಸ್ಕ್ವೈರ್‌ನ ರೋಗಿಯೊಬ್ಬ ತನಗಿರುವುದು ಹುಳುಕಡ್ಡಿ ಎಂದು ತಾನೇ ತೀರ್ಮಾನಿಸಿ ಗೋವಾ ಪುಡಿ ಹಚ್ಚಿಕೊಂಡ. ಇದ್ದದ್ದು ಸೋರಿಯಾಸಿಸ್. ಅದು ವಾಸಿಯಾಯಿತು. ಸ್ಕ್ವೈರ್ ಎರಡು ವರ್ಷದಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ನನ್ನ ವೈದ್ಯರ ತಪ್ಪು ಗುರುತಿನಿಂದ ನನಗೆ ಎಂಟು ತಿಂಗಳು ಹಾಳಾದವು. ಆ ಅನಾಮಿಕನ ತಪ್ಪು ಗುರುತಿನಿಂದ ಲೋಕಕ್ಕೊಂದು ಮದ್ದು ಸಿಕ್ಕಿತು.

ಇಲ್ಲಿ ನನ್ನ ಕಸುಬಿನ ಒಂದು ಖುಷಿಯನ್ನು ಹೇಳಿಕೊಳ್ಳಬೇಕು. 1878ರಲ್ಲಿ ಆ ಪುಡಿಯನ್ನು ಪರೀಕ್ಷಿಸಿ ಅದರ ಸಾರ ಕ್ರೈಸರೋಬಿನ್ ಎಂದು ತೋರಿಸಿದವರಲ್ಲಿ ಒಬ್ಬ ಕಾರ್ಲ್ ಲೀಬರ್‌ಮನ್. ಬಣ್ಣ ಓದಿದವರಿಗೆಲ್ಲ ಈ ಹೆಸರು ಬಾಯಿಪಾಠ. ಹತ್ತು ವರ್ಷ ಮೊದಲು, 1868ರಲ್ಲಿ, ಗ್ರೇಬೆಯ ಜೊತೆ ಕಲ್ಲಿದ್ದಲ ಡಾಮರಿನ ಆಂಥ್ರಸೀನ್‌ನಿಂದ ಅಲಿಜರಿನ್ ಕೆಂಪನ್ನು ತಯಾರಿಸಿದವನು ಅವನೇ. ಬಟ್ಟೆಯ ಕೆಂಪೂ ಚರ್ಮದ ಮದ್ದೂ ಒಂದೇ ಕುಟುಂಬದ ರಾಸಾಯನಿಕಗಳು. ಮೊದಲ ಮಹಾಯುದ್ಧದಲ್ಲಿ ಬ್ರೆಜಿಲ್‌ನ ಪುಡಿ ಸಿಗದೆ ಜರ್ಮನರು ಕ್ರೈಸರೋಬಿನ್‌ನಿಂದ ಒಂದು ಮೀಥೈಲ್ ಗುಂಪನ್ನು ಬಿಟ್ಟು ಅದರ ತಮ್ಮನನ್ನು ಪ್ರಯೋಗಾಲಯದಲ್ಲೇ ಮಾಡಿಕೊಂಡರು. 1916ರಲ್ಲಿ ಡ್ರೆಸ್ಡೆನ್ನಿನ ಗ್ಯಾಲೆವ್ಸ್ಕಿ, ಹ್ಯಾಂಬರ್ಗಿನ ಉನ್ನಾ ಅದನ್ನು ರೋಗಿಗಳಿಗೆ ಹಚ್ಚಿ ವರದಿ ಮಾಡಿದರು. ಅದೇ ಡಿಥ್ರನಾಲ್.

ಅದಕ್ಕೊಂದು ಕ್ರಮ ಕೊಟ್ಟದ್ದು ನಮ್ಮ ಲೀಡ್ಸ್. ಲೀಡ್ಸ್ ಜನರಲ್ ಇನ್ಫರ್ಮರಿಯ ಚರ್ಮವೈದ್ಯ ಜಾನ್ ಇಂಗ್ರಾಮ್ 1953ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದನ್ನು ವಿವರಿಸಿದರು. ದಿನಾ ಡಾಮರು ಬೆರೆಸಿದ ನೀರಿನಲ್ಲಿ ಸ್ನಾನ, ಆಮೇಲೆ ಅತಿನೇರಳೆ ದೀಪದ ಕೆಳಗೆ ಕೆಲವು ನಿಮಿಷ, ಆಮೇಲೆ ಗಟ್ಟಿ ಜಿಂಕ್ ಲೇಪದಲ್ಲಿ ಕಲೆಸಿದ ಡಿಥ್ರನಾಲನ್ನು ಕಲೆಯ ಮೇಲೆ ಮಾತ್ರ ಮೆತ್ತಿ, ಪೌಡರು ಉದುರಿಸಿ, ಬಟ್ಟೆ ಸುತ್ತುವುದು. ಇಂಗ್ರಾಮ್ ಕ್ರಮ ಎಂದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಡಾಮರಿನ ಮಾತು ಬಂದದ್ದರಿಂದ ಮ್ಯಾಂಚೆಸ್ಟರ್ ಕಡೆಯ ಸದಸ್ಯರಿಗಾಗಿ ಒಂದು ಮಾತು. ಒಂದು ಕಾಲಕ್ಕೆ ನಮ್ಮ ಧಾರವಾಡದ ಹತ್ತಿಯನ್ನೂ ತರಿಸಿಕೊಂಡ ಲ್ಯಾಂಕಷೈರ್‌ನಲ್ಲಿ ನೂಲುವ ಯಂತ್ರದ ಮೇಲೆ ಬಾಗಿ ನಿಲ್ಲುವ ಕೆಲಸಗಾರರ ತೊಡೆಸಂದಿಗೆ ಖನಿಜ ತೈಲ ಸಿಡಿದು ಸಿಡಿದು ಚರ್ಮದ ಕ್ಯಾನ್ಸರ್ ಬರುತ್ತಿತ್ತು. ಮ್ಯಾಂಚೆಸ್ಟರಿನ ಸೌಥಮ್ ಮತ್ತು ವಿಲ್ಸನ್ 1922ರಲ್ಲೇ ಇದನ್ನು ಬರೆದರು. ಆ ತೈಲಕ್ಕೆ ಸರಕಾರ ನಿಯಮ ಹಾಕಿದ್ದು 1953ರಲ್ಲಿ, ಇಂಗ್ರಾಮ್ ಲೇಖನ ಬಂದ ವರ್ಷವೇ. ಬಡವನ ಚರ್ಮಕ್ಕೆ ಮೂವತ್ತೊಂದು ವರ್ಷ ಕಾಯಬೇಕಾಯಿತು.

ನನ್ನ ಸರದಿ ಬಂದಾಗ ಡಿಥ್ರನಾಲನ್ನು ಮನೆಯಲ್ಲೇ ಅರ್ಧ ಗಂಟೆ ಹಚ್ಚಿ ತೊಳೆಯುವ ಪದ್ಧತಿ ಬಂದಿತ್ತು. ತೊಳೆದ ನೀರು ಬಾಡಿಗೆ ಮನೆಯ ಬಿಳಿಯ ಬಾತ್‌ಟಬ್ಬಿಗೆ ನೇರಳೆಗಂದು ಬಣ್ಣ ಹಿಡಿಸಿತು. ಬಣ್ಣ ಕೂರಿಸುವುದು, ತೆಗೆಯುವುದು ನನ್ನ ಹೊಟ್ಟೆಪಾಡು. ಅದೊಂದನ್ನು ತೆಗೆಯಲು ನನ್ನಿಂದ ಆಗಲಿಲ್ಲ. ಮನೆ ಬಿಡುವಾಗ ಮುಂಗಡದಲ್ಲಿ ಟಬ್ಬಿನ ಹಣ ಮುರಿದುಕೊಂಡರು. ಹಾಸಿಗೆಗೆ ನನ್ನ ಹೆಂಡತಿ ಹಳೆಯ ಸೀರೆ ಹಾಸುತ್ತಿದ್ದಳು. ಕಲೆ ಮಾತ್ರ ಇಳಿಯಿತು, ಮತ್ತೆ ಬಂತು, ಮತ್ತೆ ಇಳಿಯಿತು. ಈ ರೋಗದ ಸ್ವಭಾವವೇ ಹಾಗೆ.

1991ರಲ್ಲಿ ನನ್ನನ್ನು ಬೇರೆ ಚಿಕಿತ್ಸೆಗೆ ಕಳಿಸಿದರು. ಎರಡು ಗಂಟೆ ಮೊದಲು ಮಾತ್ರೆ ನುಂಗಿ, ಕಪ್ಪು ಕನ್ನಡಕ ಹಾಕಿ, ಸುತ್ತಲೂ ಟ್ಯೂಬ್‌ಲೈಟುಗಳಿದ್ದ ಕಪಾಟಿನಂಥ ಪೆಟ್ಟಿಗೆಯಲ್ಲಿ ನಿಲ್ಲಬೇಕು. ಬಾಗಿಲ ಮೇಲೆ 'ಪೂವಾ' ಎಂದು ಬರೆದಿತ್ತು. ಕೊನೆಯ ಭಾಗ ಅತಿನೇರಳೆ ಕಿರಣದ ಹೆಸರು, ಮೊದಲ 'ಪಿ' ಎಂದರೆ ಸೊರಲೆನ್ ಎಂದು ನರ್ಸ್ ಹೇಳಿದರು. ಗ್ರೀಕಿನಿಂದ ಬಂದ ಈ ಹೆಸರನ್ನು ಬರೆಯುವಾಗ 'ಪಿ' ಇರುತ್ತದೆ, ಹೇಳುವಾಗ ಇರುವುದಿಲ್ಲ. ರಸಾಯನಶಾಸ್ತ್ರದವನಿಗೆ ಹೆಸರು ಕೇಳಿದರೆ ಬೇರು ಹುಡುಕದೆ ನಿದ್ದೆ ಬಾರದು. ಮುಂದಿನ ಶನಿವಾರ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಸೊರಲೆನ್‌ಗೆ ಆ ಹೆಸರು ಬಂದದ್ದು ಸೊರಾಲಿಯ ಎಂಬ ಗಿಡದಿಂದ. ಎಲೆಯ ಮೇಲೆ ಕಜ್ಜಿಯಂಥ ಚುಕ್ಕೆಗಳಿರುವುದರಿಂದ ಗಿಡಕ್ಕೂ ಅದೇ ಸೋರಾ ಮೂಲದ ಹೆಸರು. ರೋಗವೂ ಮದ್ದೂ ಒಂದೇ ಶಬ್ದದಿಂದ ಹುಟ್ಟಿದವು. ಆ ಗಿಡ ನಮ್ಮ ಬಾವಂಚಿ, ಸಂಸ್ಕೃತದ ಬಾಕುಚಿ. ತೊನ್ನಿಗೆ ಅದರ ಬೀಜವನ್ನು ಬಳಸುವುದು ನಮ್ಮಲ್ಲಿ ಬಹಳ ಹಳೆಯದು. ಮದ್ದು ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಕ್ರಮವಂತೂ ಚರಕಸಂಹಿತೆಯಲ್ಲೇ ಇದೆ. ಬಾವಂಚಿಯ ಬೀಜದಿಂದ ಸೊರಲೆನ್ನನ್ನು ಬೇರ್ಪಡಿಸಿ 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದವರ ಹೆಸರು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಜೋಯಿಸ್, ಮಂಜುನಾಥ, ವೆಂಕಟರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗ.

ಮಿಕ್ಕ ಕಥೆಯನ್ನು ಬೇಗ ಹೇಳುತ್ತೇನೆ. 1940ರ ದಶಕದಲ್ಲಿ ಈಜಿಪ್ಟಿನಲ್ಲಿ ನೈಲ್ ನದಿಯ ಬದಿಯ ಬೇರೊಂದು ಗಿಡದಿಂದ ಸೊರಲೆನ್ನಿನ ಹತ್ತಿರದ ಬಂಧು ಸಿಕ್ಕಿತು. 1974ರಲ್ಲಿ ಬಾಸ್ಟನ್ನಿನಲ್ಲಿ ಪ್ಯಾರಿಷ್, ಫಿಟ್ಜ್‌ಪ್ಯಾಟ್ರಿಕ್ ಮತ್ತು ಅವರ ಜೊತೆಗಾರರು, ಅವರಲ್ಲಿ ಮಧುಕರ ಪಾಠಕ್ ಎಂಬ ಭಾರತೀಯರೂ ಇದ್ದರು, ಅದನ್ನು ನುಂಗಿಸಿ ದೀಪದ ಕೆಳಗೆ ನಿಲ್ಲಿಸಿ ಸೋರಿಯಾಸಿಸ್ ಇಳಿಸಿದರು. ನನ್ನ ಮಾತ್ರೆಯಲ್ಲಿದ್ದದ್ದು ಆ ಈಜಿಪ್ಟಿನ ಬಂಧುವೇ. ಬಾಗಿಲ ಮೇಲಿನ ಮೊದಲ ಅಕ್ಷರ ಮಾತ್ರ ಬಾವಂಚಿಯದು. ಪೂವಾ ಹೆಚ್ಚಾದರೆ ಚರ್ಮದ ಕ್ಯಾನ್ಸರಿನ ಭಯವಿದೆ ಎಂದು ತಿಳಿದ ಮೇಲೆ ಅದು ಹಿಂದೆ ಸರಿದು, ಮಾತ್ರೆಯಿಲ್ಲದ ಕಿರಿದಾದ ಅಲೆಯ ದೀಪ, ಡಿ ಜೀವಸತ್ವದ ಜಾತಿಯ ಮುಲಾಮು, ಈಚೆಗೆ ರೋಗದ ಬೇರಿಗೇ ಹೋಗುವ ಚುಚ್ಚುಮದ್ದುಗಳು ಬಂದಿವೆ. ಈ ಲೇಖನ ಓದಿ ಯಾರೂ ಬಾವಂಚಿ ಬೀಜ ತರಿಸಿ ಅರೆದು ಹಚ್ಚಿಕೊಳ್ಳಬೇಡಿ. ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ಮ್ಯಾಂಚೆಸ್ಟರಿನಲ್ಲಿ ಹೆಲೆನ್ ರಿಚರ್ಡ್ಸ್, ಕ್ರಿಸ್ಟೋಫರ್ ಗ್ರಿಫಿತ್ಸ್ ಮುಂತಾದವರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಮಾತ್ರ ಬಿಡಲಾರೆ. ಈ ರೋಗಿಗಳ ಬದುಕು ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಮೈಮೇಲಿನ ಕಲೆಯ ಅಳತೆಗಿಂತ, ಇತರರು ತಮ್ಮನ್ನು ಹೇಗೆ ನೋಡುತ್ತಾರೆಂಬ ಎಣಿಕೆಯೇ ಹೆಚ್ಚು ಕಾರಣ ಎಂದು ಅವರು ಕಂಡರು. ಅತ್ತೆಗೆ ಕಲೆಗಳಿದ್ದದ್ದು ಮೊಣಕೈಗಳಲ್ಲಿ, ಮೊಣಕಾಲುಗಳಲ್ಲಿ, ಕಿವಿಯ ಹಿಂದೆ. ಅಷ್ಟೇ. ನನ್ನ ಮೈಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಇತ್ತು. ನಾನು ಓದಿದೆ, ಕೆಲಸ ಮಾಡಿದೆ, ಎಲ್ಲರ ಪಂಕ್ತಿಯಲ್ಲಿ ಊಟ ಮಾಡಿದೆ.

ನನ್ನ ಮಗಳಿಗೆ ಹದಿನಾರರಲ್ಲಿ ಕಿವಿಯ ಹಿಂದೆ ಶುರುವಾಯಿತು. "ಇದು ಯಾರ ಕಡೆಯಿಂದ ಅಪ್ಪಾ?" ಎಂದು ಕೇಳಿದಳು. ಅವಳಿಗೆ ಅತ್ತೆಯ ವಿಷಯ ಹೇಳಿದೆ, ಚಕ್ಕುಲಿಯ ವಿಷಯವನ್ನೂ ಹೇಳಿದೆ. ಅತ್ತೆಯ ಒಂದೇ ಒಂದು ಫೋಟೋ ನಮ್ಮಲ್ಲಿದೆ, ಚಿಕ್ಕಪ್ಪನ ಮದುವೆಯ ಗುಂಪಿನದು. ಎಲ್ಲರಿಗಿಂತ ಕೊನೆಗೆ, ಕಂಬದ ಪಕ್ಕದಲ್ಲಿ, ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ನಿಂತಿದ್ದಾಳೆ. ಮಗಳು ಅದನ್ನು ಫೋನಿನಲ್ಲಿ ತೆಗೆದುಕೊಂಡು ಎರಡು ಬೆರಳಿನಿಂದ ದೊಡ್ಡದು ಮಾಡುತ್ತ ಮಾಡುತ್ತ ಮೊಣಕೈಗಾಗಿ ಹುಡುಕಿದಳು. ಸೆರಗು ಮಾತ್ರ ಕಂಡಿತು.